ಸೋಡಚೀಟಿ ಗಂಡ-ಹೆಂಡತಿಗೆ ಮಾತ್ರ

ನಮ್ಮ ಕಡೆ ಗಂಡ-ಹೆಂಡತಿ ನಡುವೆ ಬಿರುಕು ಬಿಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಎರಡೂ ಮನೆಯ ಹಿರಿಯರು ಕೂಡುತ್ತಾರೆ, ಸೋದರಮಾವ ಬರ್ತಾನೆ, ಪಂಚರು ಬರ್ತಾರೆ. "ಹೆಂಗರ ಮಾಡಿ ಹೊಂದ್ಕೊಂಡು ಹೋಗ್ರಿ" ಅಂತಾರೆ. ಆಗಲಿಲ್ಲ ಅಂದ್ರೆ ವಕೀಲರು, ಕೋರ್ಟು. ಅಲ್ಲೂ ಮೊದಲ ಕೆಲಸ ಅದೇ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 9ನೇ ಕಲಂ ಪ್ರಕಾರ ಕೋರ್ಟು ಮೊದಲು ರಾಜಿಗೆ ಪ್ರಯತ್ನ ಮಾಡಬೇಕು. ಅದೂ ಆಗದಿದ್ದರೆ ಸೋಡಚೀಟಿ, ಎಲ್ಲರೂ ಮನೆಗೆ. ಕೂಡಿಸೋಕೆ ಇಷ್ಟೊಂದು ಮಂದಿ ಇದ್ದಾರಲ್ಲ, ಬೇರೆಯಾದ ಮೇಲೆ ಮಗುವನ್ನು ಹೆಂಗ ನೋಡ್ಕೋಬೇಕು ಅಂತ ಹೇಳಿಕೊಡೋಕೆ ಯಾಕೆ ಒಬ್ಬರೂ ಇಲ್ಲ?

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂಡುವವನು. ಸಂಸಾರ ಒಡೆದದ್ದು ಓಣಿಗೆ ಗೊತ್ತಾಗುವ ಮೊದಲೇ ಎಷ್ಟೋ ಸಲ ನಮಗೆ ಗೊತ್ತಾಗುತ್ತದೆ. ಜಂಟಿ ಖಾತೆ ಬಂದ್ ಮಾಡಿ ಅಂತಾರೆ, ಮಗುವಿನ ಮೈನರ್ ಖಾತೆಯಲ್ಲಿ ಗಾರ್ಡಿಯನ್ ಹೆಸರು ಬದಲಿಸಿ ಅಂತಾರೆ. ಆಮೇಲೆ ತಿಂಗಳ ಮೊದಲ ವಾರ ಪಾಸ್‌ಬುಕ್ ಹಿಡಿದು ಶಾಲೆಯ ಹುಡುಗ ಬರ್ತಾನೆ: "ಅಪ್ಪ ರೊಕ್ಕ ಹಾಕ್ಯಾನೇನ್ರಿ, ನೋಡ್ರಿ." ಬಂದಿಲ್ಲ ಅಂದ್ರೆ ಆ ಮಾತನ್ನ ಅವ್ವಗೆ ಮುಟ್ಟಿಸೋನು ಅವನೇ, ಅಪ್ಪಗೆ ಫೋನ್ ಹಚ್ಚಿ ಕೇಳೋನೂ ಅವನೇ. ಇಬ್ಬರ ಸಿಟ್ಟೂ ಅವನ ತಲಿ ಮ್ಯಾಲೆ.

ಇಂಥ ಅವ್ವ-ಅಪ್ಪಗಳಿಗೇ ಕೆಲವು ದೇಶಗಳಲ್ಲಿ ಕ್ಲಾಸ್ ಇದೆ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಸಣ್ಣ ಮಕ್ಕಳಿರುವ ದಂಪತಿ ವಿಚ್ಛೇದನ ಕೇಳಿದರೆ ಕನಿಷ್ಠ 4 ತಾಸಿನ ಪಾಲಕರ ಕೋರ್ಸ್ ಮುಗಿಸಬೇಕು. ಯೂಟಾ, ಅರಿಜೋನಾದಂಥ ರಾಜ್ಯಗಳಲ್ಲೂ ಕಡ್ಡಾಯ. ಅಲ್ಲಿ "ಹೊಂದ್ಕೊಂಡು ಹೋಗ್ರಿ" ಅಂತ ಉಪದೇಶ ಮಾಡೋದಿಲ್ಲ. ಇಬ್ಬರೂ ಬೇರೆ ಆಗ್ತೀರಿ, ಸರಿ, ಮಗುವಿಗೆ ಮಾತ್ರ ಇಬ್ಬರೂ ಬೇಕು ಅನ್ನೋದರಿಂದ ಶುರು ಮಾಡ್ತಾರೆ. ಹೇಳಿಕೊಡೋದು ಸಾದಾ ಮಾತುಗಳೇ. ಮಗುವನ್ನ ಟಪಾಲಿನವನ ಹಂಗ ಬಳಸಬೇಡಿ. ಅಪ್ಪನ ಮನ್ಯಾಗ ಯಾರು ಬಂದಿದ್ರು ಅಂತ ಕೆದಕಿ ಕೇಳಬೇಡಿ. ಒಬ್ಬರನ್ನೊಬ್ಬರು ಮಗುವಿನ ಎದುರಿಗೆ ಬೈಬೇಡಿ. ಊಟ, ಶಾಲೆ, ನಿದ್ದೆಯ ಹೊತ್ತು ಕದಲಿಸಬೇಡಿ. ಎಲ್ಲಕ್ಕಿಂತ ಮುಖ್ಯ, "ನಿನ್ನಿಂದ ಹೀಗಾಗಲಿಲ್ಲ" ಅಂತ ಬಾಯಿಬಿಟ್ಟು ಹೇಳಿ. ಸಣ್ಣ ಮಕ್ಕಳು ಎಲ್ಲ ತಮ್ಮ ತಪ್ಪಿನಿಂದಲೇ ಆಯ್ತು ಅಂದ್ಕೊಂಡು ಒಳಗೇ ಕೊರಗುತ್ತವೆ.

ಇದರಿಂದ ಏನು ಉಪಯೋಗ ಅಂತ ಕೇಳೋರಿಗೆ ಒಂದು ಲೆಕ್ಕ. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು 9ರಿಂದ 12 ವಯಸ್ಸಿನ ಮಕ್ಕಳಿದ್ದ, ವಿಚ್ಛೇದನ ಆದ 240 ಕುಟುಂಬಗಳನ್ನ ತಗೊಂಡು 'ನ್ಯೂ ಬಿಗಿನಿಂಗ್ಸ್' ಅನ್ನೋ ತರಬೇತಿ ಪರೀಕ್ಷೆ ಮಾಡಿದರು. ಕೆಲವರಿಗೆ ವಾರವಾರ ಕೂಡಿಸಿ ಕಲಿಸಿದರು, ಉಳಿದವರಿಗೆ ಪುಸ್ತಕ ಕೊಟ್ಟು ಕಳಿಸಿದರು. 6 ವರ್ಷದ ಮೇಲೆ ನೋಡಿದರೆ, ತಾಯಿ-ಮಕ್ಕಳು ಇಬ್ಬರೂ ತರಬೇತಿ ಪಡೆದ ಮನೆಗಳಲ್ಲಿ ಮಾನಸಿಕ ಕಾಯಿಲೆ ಕಂಡ ಹದಿಹರೆಯದವರು ಶೇ. 11, ಪುಸ್ತಕ ಮಾತ್ರ ಸಿಕ್ಕ ಮನೆಗಳಲ್ಲಿ ಶೇ. 23.5. ಇದು 2002ರಲ್ಲಿ 'ಜಾಮಾ' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಂದರೆ ಮೊಬೈಲಿನಲ್ಲಿ ನೆಕ್ಸ್ಟ್, ನೆಕ್ಸ್ಟ್ ಒತ್ತಿ ಸರ್ಟಿಫಿಕೇಟ್ ಇಳಿಸ್ಕೊಳ್ಳೋ ಕೋರ್ಸಿನಿಂದ ಇಷ್ಟು ಆಗ್ತದೆ ಅಂತ ನಾನು ನಂಬೋದಿಲ್ಲ. (ನಮ್ಮ ಇಲಾಖಾ ಟ್ರೇನಿಂಗ್‌ಗಳನ್ನ ಹಂಗೇ ಮುಗಿಸಿದವರು ಬಹಳ ಮಂದಿ ಇದ್ದಾರೆ.) ಕೂತು, ಮಾತಾಡಿ, ಮನೆಯಲ್ಲಿ ಮಾಡಿ ನೋಡಿ, ಮರುವಾರ ಬಂದು ಹೇಳುವಂಥದ್ದು ಬೇಕು.

ನಮಗೆ ಹತ್ತಿರದ ಮಾದರಿ ದಕ್ಷಿಣ ಕೊರಿಯಾ ಅಂತ ನನಗನಿಸುತ್ತೆ. ಅಲ್ಲಿ 2008ರಿಂದ, ಮಕ್ಕಳಿರುವ ದಂಪತಿ ಪರಸ್ಪರ ಒಪ್ಪಿ ಬೇರೆ ಆಗಬೇಕಾದರೆ 3 ತಿಂಗಳು ಕಾಯಬೇಕು. ಆ 3 ತಿಂಗಳು ಎಣಿಕೆ ಶುರುವಾಗೋದೇ ಕೋರ್ಟಿನ ಮಾರ್ಗದರ್ಶನ ಕೇಳಿದ ದಿನದಿಂದ. ಮಗು ಯಾರ ಹತ್ತಿರ, ಖರ್ಚು ಯಾರದು, ಭೇಟಿ ಯಾವಾಗ ಅಂತ ಬರೆದೂ ಕೊಡಬೇಕು. ನಮ್ಮ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂನಲ್ಲೂ 6 ತಿಂಗಳು ಕಾಯೋದಿದೆ. ಮಕ್ಕಳ ವಿಷಯವೂ ಸೇರಿ ಎಲ್ಲ ತೀರ್ಮಾನ ಆಗಿದ್ದರೆ ಅದನ್ನು ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಇರಲಿ. ಕಾಯೋರಂತೂ ಇದ್ದಾರಲ್ಲ. ಆ 6 ತಿಂಗಳಲ್ಲಿ ನಾಲ್ಕು ಭಾನುವಾರ ಇಬ್ಬರನ್ನೂ ಕರೆದು ಕೂಡಿಸಿದರೆ ಯಾರ ಗಂಟು ಹೋಗ್ತದೆ? ಹೊಡೆತ ತಿಂದು ಬಂದ ಹೆಣ್ಣುಮಗಳನ್ನ ಮಾತ್ರ ಹೊಡೆದವನ ಪಕ್ಕ ಕೂಡಿಸಬಾರದು, ಆಕೆಗೆ ಬೇರೆ ದಿನ, ಬೇರೆ ಕೋಣೆ.

ನಮ್ಮ ಗಡಿ ಊರುಗಳಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರುತ್ತೆ. ಹೆಣ್ಣು ಕೊಡೋದು-ತರೋದು ನಾವು ಗಡಿ ನೋಡಿ ಮಾಡೋದಿಲ್ಲ. ಅಕ್ಕಲಕೋಟದ ಹುಡುಗಿ ಆಳಂದಕ್ಕೆ, ಜತ್ತದ ಹುಡುಗನಿಗೆ ವಿಜಯಪುರದ ಕಡೆಯ ಹೆಣ್ಣು. ಸಂಸಾರ ಒಡೆದಾಗ ಹುಡುಗಿ ತವರಿಗೆ ಬರ್ತಾಳೆ, ಮಗುವಿನ ರಾಜ್ಯವೇ ಬದಲಾಗುತ್ತೆ. ಮೂರನೇ ಇಯತ್ತೆ ಕನ್ನಡದಲ್ಲಿ ಓದ್ತಿದ್ದ ಮಗು ವರ್ಷದ ನಡುವೆ ಮರಾಠಿ ಶಾಲೆಯ ಬೆಂಚಿನಲ್ಲಿ ಕೂಡುತ್ತೆ. ಅಪ್ಪ ಇಲ್ಲ, ಗೆಳೆಯರಿಲ್ಲ, ಅಕ್ಷರವೂ ಬೇರೆ. ಟಿ.ಸಿ. ಕೊಡೋದಿಲ್ಲ ಅಂತ ಅಪ್ಪ ಹಟ ಹಿಡಿದರೆ ಅದೊಂದು ಬೇರೆ ತಲೆನೋವು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಪ್ರಕಾರ ಮಗು ಸಾಮಾನ್ಯವಾಗಿ ವಾಸ ಇರುವ ಊರಿನ ಕೋರ್ಟಿಗೆ ಅರ್ಜಿ ಹಾಕಬೇಕು, ಹೀಗಾಗಿ ಯಾವ ರಾಜ್ಯದ ಕೋರ್ಟು ಅನ್ನೋದೇ ಮೊದಲ ಜಗಳ. ಕೋರ್ಟಿನ ಸಮಾಲೋಚಕರು ಒಳ್ಳೆಯವರೇ ಇರಬಹುದು, ಮಾತು ಮರಾಠಿಯಲ್ಲಿ. ನಿಮ್ಮ ಕಡೆ ಮಲಯಾಳಮೋ ತೆಲುಗೋ ತಮಿಳೋ. ಸಂತೆ, ಬ್ಯಾಂಕು, ಬಸ್‌ಸ್ಟ್ಯಾಂಡಿಗೆ ಆ ಭಾಷೆ ನಮಗೆ ಸಾಕಾಗುತ್ತೆ. "ನನ್ನ ಮಗ ರಾತ್ರಿ ಎದ್ದು ಅಳ್ತಾನ್ರಿ" ಅಂತ ಹೇಳೋಕೆ ಅವ್ವನ ಭಾಷೆಯೇ ಬೇಕು.

ಇದಕ್ಕೆ ಹೊಸ ಕಾನೂನು ಬರೋತನಕ ಕಾಯೋದು ಬೇಡ. ತಾಲ್ಲೂಕು ಮಟ್ಟದಲ್ಲಿ ಕಾನೂನು ಸೇವಾ ಸಮಿತಿ ಇದೆ. ಅವರು ಅರಿವು ಶಿಬಿರ ಮಾಡ್ತಾರೆ, 1987ರ ಕಾಯ್ದೆ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ವಕೀಲರನ್ನ ಪುಕ್ಕಟೆ ಕೊಡ್ತಾರೆ. ಮುಂದಿನ ಶಿಬಿರ ಈ ವಿಷಯದ ಮೇಲೆ, ಕನ್ನಡದಲ್ಲಿ ಆಗಲಿ ಅಂತ ನಮ್ಮ ತಾಲ್ಲೂಕಿನಿಂದ ಅರ್ಜಿ ಬರೀತಿದ್ದೀವಿ. ಜೊತೆಗೆ ಒಂದು ಪುಟದ ಕರಪತ್ರ ಬೇಕು, ವಕೀಲರ ಟೇಬಲ್ ಮೇಲೆ, ಶಾಲೆಯ ಹೆಡ್‌ಮಾಸ್ತರರ ಹತ್ತಿರ ಇಡೋಕೆ. ಬಿ.ಎಡ್., ಎಂ.ಎಸ್.ಡಬ್ಲ್ಯೂ. ಮಾಡಿದವರು, ವಕೀಲಿ ಓದ್ತಿರೋರು ನಿಮ್ಮಲ್ಲಿ ಇದ್ದೀರಿ. ಕರಪತ್ರದ ಕರಡು ಬರೆಯೋಕೆ ನಾಲ್ಕು ಮಂದಿ ಸಾಕು. ಬರೋರು ಕೆಳಗೆ ಹೆಸರು, ತಾಲ್ಲೂಕು ಹಾಕಿ.