ಗಂಡಿಲಿಯ ಫಲಿತಾಂಶಕ್ಕೆ ಹೆಣ್ಣು ರೋಗಿ ಬೆಲೆ ತೆರಬಾರದು

ಪಾರ್ಕಿನ್ಸನ್ ಕಾಯಿಲೆಗೆ ನಾಳೆ ಬರಲಿರುವ ಮದ್ದನ್ನು ಇಂದು ಯಾವ ಇಲಿಯ ಮೇಲೆ ಪರೀಕ್ಷಿಸುತ್ತಿದ್ದಾರೆ? ಈ ಪ್ರಶ್ನೆಯನ್ನು ಈಗಲೇ ಕೇಳಬೇಕು. ಮದ್ದು ರೋಗಿಗಳ ಕೈ ಸೇರಿದ ಮೇಲೆ ಕೇಳಿದರೆ ತಡವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲೇ ಜಗತ್ತಿನ 85 ಲಕ್ಷಕ್ಕೂ ಹೆಚ್ಚು ಜನ ಈ ಕಾಯಿಲೆಯಿಂದ ನರಳುತ್ತಿದ್ದರು.

1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಜನರು ಇದ್ದಕ್ಕಿದ್ದಂತೆ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿಹೋದರು. ಅದಕ್ಕೆ ಕಾರಣವಾದ ಎಂಪಿಟಿಪಿ ಎಂಬ ವಿಷವನ್ನೇ ಇಲಿಗಳಿಗೆ ಕೊಟ್ಟು ಕಾಯಿಲೆಯನ್ನು ಅಧ್ಯಯನ ಮಾಡುವುದು ಅಂದಿನಿಂದ ರೂಢಿಗೆ ಬಂತು. ಆದರೆ ಈ ವಿಷಕ್ಕೆ ಸಿ57ಬಿಎಲ್/6 ತಳಿಯ ಕಪ್ಪಿಲಿ ಸುಲಭವಾಗಿ ಬಲಿಯಾಗುತ್ತದೆ, ಸಿಡಿ-1 ತಳಿಯ ಬಿಳಿಯಿಲಿ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಇವೆರಡನ್ನೂ ಕೂಡಿಸಿ ಪಡೆದ ಮಿಶ್ರತಳಿ ಕೂಡ ವಿಷವನ್ನು ತಡೆದುಕೊಂಡಿತು. ಮನುಷ್ಯರಲ್ಲೂ ಹಾಗೆಯೇ: ಮಿಶ್ರ ವಂಶದವರಾದ ಬೆಂಗಳೂರಿನ ಆಂಗ್ಲೋ-ಇಂಡಿಯನ್ನರಲ್ಲಿ ಈ ಕಾಯಿಲೆ ಕಡಿಮೆ ಎಂದು 2003ರ ಅಧ್ಯಯನವೊಂದು ತೋರಿಸಿತ್ತು. ವಂಶಮೂಲ ಬದಲಾದರೆ ಕಾಯಿಲೆಯ ನಡೆಯೂ ಬದಲಾಗುತ್ತದೆ ಎಂಬ ಸುಳಿವು ನಮ್ಮ ಊರಿನಲ್ಲೇ ಇದೆ.

ತಳಿಯ ಹೆಸರೊಂದನ್ನೇ ನಂಬುವುದೂ ಅಪಾಯ. ಸಿ57ಬಿಎಲ್/6 ಹೆಸರಿನಲ್ಲೇ ಪ್ರಯೋಗಾಲಯಗಳಿಗೆ ಹೋಗುತ್ತಿದ್ದ ಒಂದು ಉಪತಳಿಯಲ್ಲಿ, ಪಾರ್ಕಿನ್ಸನ್ ಸಂಶೋಧನೆಯ ಕೇಂದ್ರದಲ್ಲಿರುವ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ವಂಶವಾಹಿಯೇ ಇಲ್ಲವೆಂದು 2001ರಲ್ಲಿ ಬಯಲಾಯಿತು.

ಲಿಂಗದ ವಿಚಾರದಲ್ಲಿ ಅಸಡ್ಡೆ ಇನ್ನೂ ಹೆಚ್ಚು. ಒಂದೇ ಲಿಂಗದ ಪ್ರಾಣಿಗಳನ್ನು ಬಳಸಿದ ನರವಿಜ್ಞಾನದ ಅಧ್ಯಯನಗಳಲ್ಲಿ ಗಂಡಿನ ಮೇಲೆ ನಡೆದವು ಹೆಣ್ಣಿನ ಮೇಲೆ ನಡೆದವಕ್ಕಿಂತ ಐದೂವರೆ ಪಟ್ಟು ಹೆಚ್ಚೆಂದು 2011ರ ಸಮೀಕ್ಷೆ ತಿಳಿಸಿತು. ಮನುಷ್ಯರ ಆಲ್ಫಾ-ಸಿನ್ಯೂಕ್ಲಿನ್ ಹೆಚ್ಚು ಉತ್ಪಾದಿಸುವಂತೆ ರೂಪಿಸಿದ, ವ್ಯಾಪಕ ಬಳಕೆಯಲ್ಲಿರುವ ಇಲಿತಳಿಯೊಂದರಲ್ಲಿ ಹೊಸ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿ ಸೇರಿಕೊಂಡಿದೆ. ಹೆಣ್ಣಿನ ಜೀವಕೋಶದಲ್ಲಿ ಎರಡು ಎಕ್ಸ್‌ಗಳ ಪೈಕಿ ಒಂದು ನಿಷ್ಕ್ರಿಯವಾಗುವುದರಿಂದ ಅಲ್ಲಿ ಪರಿಣಾಮ ಕಡಿಮೆ. ಹೀಗಾಗಿ ಆ ತಳಿಯ ಪ್ರಯೋಗಗಳು ಹೆಚ್ಚಾಗಿ ಗಂಡಿಲಿಗಳ ಮೇಲೆಯೇ ನಡೆದಿವೆ. ಉರುಳುವ ಸರಳಿನ ಮೇಲೆ ಇಲಿ ಎಷ್ಟು ಹೊತ್ತು ನಿಲ್ಲಬಲ್ಲದು ಎಂಬ ಸರಳ ಪರೀಕ್ಷೆಯಲ್ಲೂ ದೇಹತೂಕದ ಪಾತ್ರವಿದೆ. ಗಂಡಿಲಿ ಹೆಚ್ಚು ತೂಗುತ್ತದೆ. ಅದು ಬೇಗ ಬಿದ್ದರೆ ಕಾರಣ ಕಾಯಿಲೆಯೋ ತೂಕವೋ ಎಂದು ಬಿಡಿಸಿ ನೋಡದೆ ತೀರ್ಪು ಕೊಡಲಾಗದು.

ಹೆಣ್ಣಿಲಿಯ ಹಾರ್ಮೋನ್ ಚಕ್ರ ಫಲಿತಾಂಶವನ್ನು ಏರುಪೇರು ಮಾಡುತ್ತದೆ ಎಂಬುದು ಹಳೆಯ ಸಬೂಬು. ಹೆಣ್ಣಿಲಿಗಳ ಅಳತೆಗಳು ಗಂಡಿನವಕ್ಕಿಂತ ಹೆಚ್ಚೇನೂ ಏರಿಳಿಯುವುದಿಲ್ಲ ಎಂದು 2014ರ ವಿಶ್ಲೇಷಣೆ ತೋರಿಸಿದೆ. ಕಾಯಿಲೆ ಗಂಡಸರಲ್ಲಿ ಸುಮಾರು ಒಂದೂವರೆ ಪಟ್ಟು ಹೆಚ್ಚು, ನಿಜ. ಆದರೆ ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆಯಿಂದ ಕೈಕಾಲು ತಾವಾಗಿಯೇ ಹೊರಳಾಡುವ ತೊಂದರೆ ಹೆಂಗಸರನ್ನೇ ಹೆಚ್ಚಾಗಿ ಕಾಡುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಪ್ರಾಣಿ ಪ್ರಯೋಗಗಳಲ್ಲಿ ಲಿಂಗವನ್ನು ಗಣನೆಗೆ ತೆಗೆದುಕೊಳ್ಳಬೇಕೆಂಬ ನೀತಿಯನ್ನು 2016ರಲ್ಲಿ ಜಾರಿಗೆ ತಂದಿತು. ನಮ್ಮಲ್ಲೂ ಸಂಶೋಧನೆಗೆ ಹಣ ಕೊಡುವವರು, ಪ್ರಾಣಿ ನೈತಿಕ ಸಮಿತಿಗಳು, ವಿಜ್ಞಾನ ಪತ್ರಿಕೆಗಳ ಸಂಪಾದಕರು ಮೂರು ಷರತ್ತುಗಳನ್ನು ಹಾಕಲಿ: ಎರಡೂ ಲಿಂಗದ ಇಲಿಗಳಿರಬೇಕು, ಉಪತಳಿಯ ಪೂರ್ಣ ಹೆಸರು ಬರೆಯಬೇಕು, ಮದ್ದು ಮನುಷ್ಯರ ಹಂತಕ್ಕೆ ಹೋಗುವ ಮೊದಲು ಇನ್ನೊಂದು ತಳಿಯಲ್ಲೂ ಫಲ ಕೊಡಬೇಕು. ಎರಡೂ ಲಿಂಗ ಬೇಕೆಂದರೆ ಇಲಿಗಳ ಸಂಖ್ಯೆ ದುಪ್ಪಟ್ಟಾಗಬೇಕಿಲ್ಲ. ಇರುವ ಗುಂಪನ್ನೇ ಸಮನಾಗಿ ಹಂಚಿದರೂ ದೊಡ್ಡ ವ್ಯತ್ಯಾಸಗಳು ಕಣ್ಣಿಗೆ ಬೀಳುತ್ತವೆ. ಪ್ರಯೋಗಾಲಯದಲ್ಲಿ ತಿದ್ದಿಕೊಳ್ಳಬಹುದಾದ ತಪ್ಪನ್ನು ರೋಗಿಯ ಮೈಮೇಲೆ ಕಂಡುಕೊಳ್ಳುವ ಸ್ಥಿತಿ ನಮಗೆ ಬರಕೂಡದು.