ಮನೆಯ ನಕ್ಷೆ ಬೆಳೆಯ ಲೆಕ್ಕದಲ್ಲಿರಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ರೈತನಿಲ್ಲ. ಮದುವೆಯ ಮಾತುಕತೆಗೆ ತಿಂಗಳುಗಟ್ಟಲೆ ಓಡಾಡುವ ನಾವು ಮನೆಯ ನಕ್ಷೆಗೆ ಮಾತ್ರ ಒಂದು ಸಂಜೆಯನ್ನೂ ಕೊಡುವುದಿಲ್ಲ. ಹೆಮ್ಮಿಗೆ, ತಲಕಾಡು, ಟಿ. ನರಸೀಪುರ, ನಂಜನಗೂಡು ಸುತ್ತಿನ ನಾಲೆ ಬಯಲಿನ ಹಳ್ಳಿಗಳಲ್ಲಿ ಇಂದು ಏಳುತ್ತಿರುವ ಹೊಸ ಮನೆಗಳಲ್ಲಿ ಅನೇಕವು ಮೈಸೂರಿನ ಬಡಾವಣೆಯ ಮೂವತ್ತು-ನಲವತ್ತರ ನಿವೇಶನದ ಮನೆಯ ಪಡಿಯಚ್ಚಿನಂತಿವೆ. ಮುಂದೆ ಹಾಲು, ಮಗ್ಗುಲಲ್ಲಿ ಎರಡು ಮಲಗುವ ಕೋಣೆ, ಹಿಂದೆ ಅಡಿಗೆ ಮನೆ, ಮೇಲೆ ತಾರಸಿ. ನೋಡಲು ಅಂದವಾಗಿಯೇ ಇರುತ್ತದೆ. ಸುಗ್ಗಿ ಬಂದಾಗ ಭತ್ತದ ಮೂಟೆ ಮಲಗುವ ಕೋಣೆಗೆ ಬರುತ್ತದೆ. ಒಣಗಿಸುವ ಕೆಲಸ ಡಾಂಬರು ರಸ್ತೆಗೆ ಹೋಗುತ್ತದೆ. ಹಸು ಬೀದಿ ಬದಿಯ ಗೂಟಕ್ಕೆ ಹೋಗುತ್ತದೆ. ಆ ನಕ್ಷೆಯನ್ನು ಬರೆದದ್ದು ಅಕ್ಕಿಯನ್ನು ಅಂಗಡಿಯಿಂದ ತರುವ ಸಂಸಾರಕ್ಕೆ. ಅಕ್ಕಿಯನ್ನು ಬೆಳೆಯುವ ಸಂಸಾರಕ್ಕೆ ಅದು ಹೊಂದುವುದಾದರೂ ಹೇಗೆ?

ನಾನು ಬೇಸಾಯ ಶಾಸ್ತ್ರದವನು. ಕಟ್ಟಡದ ಇಂಜಿನಿಯರ್ ಅಲ್ಲ. ಆದರೂ ಈ ಮಾತನ್ನು ಆಡುವುದಕ್ಕೆ ಕಾರಣವುಂಟು. ಬೆಳೆ ಕೊಯ್ಲಿಗೆ ಮುಗಿಯುವುದಿಲ್ಲ. ಒಣಗಿಸುವುದು, ತೂರುವುದು, ಬೀಜಕ್ಕೆ ತೆಗೆದಿಡುವುದು, ಧಾನ್ಯವನ್ನು ಹುಳು-ಇಲಿಗಳಿಂದ ಕಾಯುವುದು, ಸಗಣಿಯನ್ನು ಗೊಬ್ಬರವಾಗಿಸುವುದು ಎಲ್ಲವೂ ಬೇಸಾಯವೇ. ಇವೆಲ್ಲ ನಡೆಯುವುದು ಮನೆಯಲ್ಲಿ. ಗದ್ದೆಯಲ್ಲಿ ಸಾಲಿನಿಂದ ಸಾಲಿಗೆ ಇರಬೇಕಾದ ಅಂತರವನ್ನು ಅಂಗುಲದ ಲೆಕ್ಕದಲ್ಲಿ ಅಳೆಯುವ ರೈತ, ಮನೆಯ ಅಳತೆಯನ್ನು ಮೇಸ್ತ್ರಿಯ ಬಾಯಿಗೆ ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಅಂಕಣವೆಂಬ ಹಳೆಯ ಅಳತೆ

ನಮ್ಮ ಹಿರಿಯರು ಮನೆಯನ್ನು ಚದರದಲ್ಲಿ ಹೇಳುತ್ತಿರಲಿಲ್ಲ. ಮೂರಂಕಣದ ಮನೆ, ಐದಂಕಣದ ಮನೆ ಎನ್ನುತ್ತಿದ್ದರು. ಕಂಬದಿಂದ ಕಂಬಕ್ಕೆ ಇರುವ ಅಂತರವೇ ಅಂಕಣ. ಅದನ್ನು ನಿರ್ಧರಿಸುತ್ತಿದ್ದುದು ತೊಲೆಯ ಉದ್ದ ಮತ್ತು ಬಲ. ತೇಗ, ಹೊನ್ನೆ, ಮತ್ತಿ, ಬೇವು, ಹಲಸು ಯಾವ ಮರವೇ ಆಗಲಿ, ಗಾಡಿಯಲ್ಲಿ ಸಾಗಿಸಿ ನಾಲ್ಕಾರು ಜನ ಎತ್ತಿ ಕೂರಿಸಬಹುದಾದ ತೊಲೆಗೆ ಎಂಟು-ಹತ್ತು ಅಡಿಯ ಅಂತರ ಹಿತವಾದುದು. ಅದೇ ತೊಲೆಯ ಮೇಲೆ, ಅಡಿಯೊಂದಕ್ಕೆ ಅಷ್ಟೇ ಭಾರ ಹೇರಿ, ಕಂಬಗಳ ಅಂತರವನ್ನು ಎರಡರಷ್ಟು ಮಾಡಿದರೆ ತೊಲೆಯ ಬಾಗು ಎರಡರಷ್ಟಲ್ಲ, ಹದಿನಾರರಷ್ಟಾಗುತ್ತದೆ. ಹಿಂದಿನ ಬಡಗಿಗಳಿಗೆ ಈ ಸೂತ್ರ ತಿಳಿಯದಿದ್ದರೂ ಅದರ ಫಲ ಚೆನ್ನಾಗಿ ತಿಳಿದಿತ್ತು. ಆದುದರಿಂದಲೇ ತೊಟ್ಟಿಮನೆಯ ಪಡಸಾಲೆ ಎಷ್ಟೇ ಉದ್ದವಿರಲಿ, ಅದರ ಅಗಲ ಒಂದೆರಡು ಅಂಕಣವನ್ನು ಮೀರುತ್ತಿರಲಿಲ್ಲ.

ನಾರ್ವೆ, ಫಿನ್‌ಲೆಂಡ್, ಅಮೆರಿಕದ ಉತ್ತರ ಭಾಗಗಳಂಥ ಚಳಿ ಪ್ರದೇಶಗಳಲ್ಲಿ ಗೋಡೆಯನ್ನೇ ಮರದಿಂದ ಕಟ್ಟುವುದುಂಟು. ಪೈನ್ ಜಾತಿಯ ದಿಮ್ಮಿಗಳನ್ನು ಒಂದರ ಮೇಲೊಂದು ಮಲಗಿಸುತ್ತಾರೆ. ದಿಮ್ಮಿ ಒಣಗಿದಂತೆ ಅಡ್ಡಕ್ಕೆ ಕುಗ್ಗುವುದರಿಂದ ಇಡೀ ಗೋಡೆ ಮೊದಲ ಕೆಲವು ವರ್ಷ ಅಂಗುಲಗಟ್ಟಲೆ ಕೆಳಗಿಳಿಯುತ್ತದೆ. ಬಾಗಿಲು, ಕಿಟಕಿಗಳ ಮೇಲೆ ಇದಕ್ಕೆಂದೇ ಸಂದು ಬಿಡುತ್ತಾರೆ. ಅಂಥ ಗೋಡೆಯಲ್ಲಿ ಬಾಗಿಲಿನ ಜಾಗ ಬದಲಿಸುವುದಾಗಲೀ ನೀರಿನ ಕೊಳವೆ ಎಳೆಯುವುದಾಗಲೀ ಆಮೇಲೆ ಬಹಳ ಕಷ್ಟ. ಹೀಗಾಗಿ ಯಾರು ಎಲ್ಲಿ ನಡೆಯುತ್ತಾರೆ, ಯಾವ ಸಾಮಾನು ಎಲ್ಲಿರುತ್ತದೆ ಎಂಬುದನ್ನೆಲ್ಲ ಅವರು ಕಾಗದದ ಮೇಲೆಯೇ ತೀರ್ಮಾನಿಸುತ್ತಾರೆ.

ಗೆದ್ದಲು, ಮಳೆ, ಬಿಸಿಲು ಮತ್ತು ಮರದ ಬೆಲೆಯ ದೆಸೆಯಿಂದ ನಮ್ಮ ಬಯಲು ಸೀಮೆಗೆ ದಿಮ್ಮಿಯ ಗೋಡೆ ಸಲ್ಲದು. ನಮ್ಮವರು ಮರವನ್ನು ಮಲಗಿಸದೆ ಕಂಬವಾಗಿ ನಿಲ್ಲಿಸಿದರು. ಮರ ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ. ಆದುದರಿಂದ ಕಂಬದ ಮನೆ ಕುಸಿಯುವುದಿಲ್ಲ. ಕಂಬದ ಬುಡಕ್ಕೆ ಕಲ್ಲು ಕೊಟ್ಟು ತೇವ ಮೇಲೇರದಂತೆ ಮಾಡಿದರು. ಗೆದ್ದಲು ಹತ್ತಿದರೆ ಕಲ್ಲಿನ ಮೇಲೆ ಕಣ್ಣಿಗೆ ಬೀಳುವಂತೆಯೂ ಆಯಿತು. ಆದರೆ ಎಲ್ಲವನ್ನೂ ಮೊದಲೇ ಕಾಗದದ ಮೇಲೆ ತೀರ್ಮಾನಿಸುವ ಅವರ ಅಭ್ಯಾಸವನ್ನು ನಾವು ಕಲಿಯಬೇಕಾಗಿದೆ. ನೀವು ಕಟ್ಟುವುದು ಕಾಂಕ್ರೀಟಿನ ಮನೆಯೇ ಆದರೂ ಹತ್ತಡಿಯ ಅಂಕಣವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ, ಲೆಕ್ಕ ಸುಲಭವಾಗುತ್ತದೆ.

ಒಣಗಿಸಲು ಎಷ್ಟು ಜಾಗ, ಇಡಲು ಎಷ್ಟು ಜಾಗ?

ಕಟಾವು ಯಂತ್ರ ಬಂದ ಮೇಲೆ ಕಣ ಬೇಡವೆಂದು ಹಲವರು ತಿಳಿದಿದ್ದಾರೆ. ವಾಸ್ತವ ಸಂಗತಿ ಇದಕ್ಕೆ ವಿರುದ್ಧವಾದುದು. ಹಿಂದೆ ಕೊಯ್ದ ಭತ್ತವನ್ನು ಗದ್ದೆಯಲ್ಲಿಯೇ ಒಣಗಲು ಬಿಟ್ಟು, ಮೆದೆ ಹಾಕಿ, ಬಿಡುವಾದಾಗ ಬಡಿಯುತ್ತಿದ್ದರು. ಯಂತ್ರದಿಂದ ಬರುವ ಭತ್ತದಲ್ಲಿ ಶೇಕಡ 20ರ ಆಸುಪಾಸು ತೇವವಿರುತ್ತದೆ, ಮತ್ತು ಅದೆಲ್ಲವೂ ಒಂದೆರಡು ಗಂಟೆಯಲ್ಲಿ ಬಂದು ಬೀಳುತ್ತದೆ. ಕೂಡಿಡುವ ಭತ್ತದಲ್ಲಿ ಶೇಕಡ 13ಕ್ಕಿಂತ ಹೆಚ್ಚು ತೇವ ಇರಬಾರದು. ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ, ಬೀಜದ ಮೊಳಕೆ ಶಕ್ತಿ ಕುಂದುತ್ತದೆ.

ಹತ್ತು ಕ್ವಿಂಟಾಲ್ ಭತ್ತವನ್ನು ಒಂದೂವರೆ ಅಂಗುಲ ದಪ್ಪಕ್ಕೆ ಹರಡಲು ಸುಮಾರು 480 ಚದರ ಅಡಿ, ಎಂದರೆ 20 ಅಡಿಗೆ 24 ಅಡಿಯ ಅಂಗಳ ಬೇಕು. ಇದನ್ನು ತಾರಸಿಯ ಮೇಲೆ ಒಣಗಿಸಬಹುದಲ್ಲ ಎನ್ನುವವರಿದ್ದಾರೆ. ಮೂಟೆಯನ್ನು ಕಡಿದಾದ ಮೆಟ್ಟಿಲ ಮೇಲೆ ಹೊತ್ತೊಯ್ಯುವುದು ಯಾರು, ಸಂಜೆ ಮೋಡ ಕವಿದಾಗ ಬಾಚಿ ಇಳಿಸುವುದು ಯಾರು ಎಂಬುದನ್ನು ಅವರು ಮನೆಯ ಹೆಂಗಸರನ್ನು ಕೇಳಲಿ. ಉಗ್ರಾಣದ ಮುಂದೆಯೇ, ನೆಲಮಟ್ಟದಲ್ಲಿ, ನೀರು ಜಾರಿ ಹೋಗುವಂತೆ ಇಳಿಜಾರು ಕೊಟ್ಟ ಗಾರೆಯ ಅಂಗಳವೇ ಉತ್ತಮ. ಟ್ರಾಕ್ಟರಿನ ಟ್ರೈಲರ್ ಅಲ್ಲಿಯವರೆಗೆ ಬರುವಂತೆ ಹತ್ತರಿಂದ ಹನ್ನೆರಡು ಅಡಿ ದಾರಿ ಬಿಡಿ.

ಇನ್ನು ಉಗ್ರಾಣ. ಊಟಕ್ಕೆ, ಬೀಜಕ್ಕೆ, ಬೆಲೆ ಬರುವ ತನಕ ಕಾಯುವುದಕ್ಕೆ 20 ಕ್ವಿಂಟಾಲ್ ಇಟ್ಟುಕೊಳ್ಳುವಿರಾದರೆ 75 ಕಿಲೋ ಚೀಲಗಳು 27 ಆಗುತ್ತವೆ. ಆರರ ಎತ್ತರಕ್ಕೆ ಅಟ್ಟಿದರೆ ಐದು ಸಾಲು. ಗೋಡೆಯಿಂದ ಒಂದೂವರೆ ಅಡಿ ದೂರ, ನೆಲದಿಂದ ಅರ್ಧ ಅಡಿ ಎತ್ತರದ ಮರದ ಹಲಗೆ, ಓಡಾಡಲು ಜಾಗ ಎಲ್ಲ ಸೇರಿ ಹತ್ತಡಿ ಚೌಕದ ಒಂದೇ ಅಂಕಣ ಸಾಕು. ಅದರ ಗೋಡೆ ಬಚ್ಚಲು ಮನೆಗೆ ಅಂಟಿಕೊಂಡಿರಬಾರದು. ಬಾಗಿಲು ಹಜಾರಕ್ಕೆ ತೆರೆಯದೆ ಅಂಗಳಕ್ಕೆ ತೆರೆಯಬೇಕು. ಬಾಗಿಲಿನ ಕೆಳ ಅಂಚಿಗೆ ತಗಡು, ಕಿಟಕಿಗೆ ಸಣ್ಣ ಕಣ್ಣಿನ ತಂತಿ ಬಲೆ ಇದ್ದರೆ ಇಲಿಗೆ ಹಾದಿ ಇರುವುದಿಲ್ಲ.

ಮಲಗುವ ಕೋಣೆಯಲ್ಲಿ ಮೂಟೆ ಬೇಡ

ಈ ಒಂದು ಅಂಕಣಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಪ್ರಾಣದ ಕಾರಣವೂ ಇದೆ. ಧಾನ್ಯದ ಹುಳುವಿಗೆಂದು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ತಗುಲಿದೊಡನೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಇದಕ್ಕೆ ಮದ್ದಿಲ್ಲ. ತಜ್ಞರ ಮೇಲ್ವಿಚಾರಣೆಯಿಲ್ಲದೆ ಇದನ್ನು ಬಳಸುವಂತಿಲ್ಲವೆಂದು ನಿಯಮವಿದ್ದರೂ ಗುಳಿಗೆ ಹಳ್ಳಿಗಳಿಗೆ ಬರುತ್ತಲೇ ಇದೆ. ಮೂಟೆಗಳಿರುವ ಕೋಣೆಯಲ್ಲಿ, ಅಥವಾ ಅದಕ್ಕೆ ಹೊಂದಿಕೊಂಡ ಕೋಣೆಯಲ್ಲಿ ಮಕ್ಕಳು ಮಲಗಿದ್ದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಗುಳಿಗೆಯನ್ನು ಮನೆಯೊಳಗೆ ತರಲೇಬೇಡಿ. ಚೆನ್ನಾಗಿ ಒಣಗಿದ ಕಾಳು, ಶುಚಿಯಾದ ಉಗ್ರಾಣ, ಗಾಳಿಯಾಡದ ಚೀಲ ಅಥವಾ ತಗಡಿನ ಕಣಜ ಇವೇ ಮೊದಲ ಮದ್ದು. ಸಿಂಪರಣೆಯ ಔಷಧಿ ಮತ್ತು ಪಂಪುಗಳಿಗೆ ಮನೆಯ ಹೊರಗೆ, ಕಾಳು ಮತ್ತು ಮೇವಿನಿಂದ ದೂರ, ಮಕ್ಕಳ ಕೈಗೆ ಎಟುಕದಂತೆ ಬೀಗವಿರುವ ಒಂದು ಗೂಡನ್ನು ನಕ್ಷೆಯಲ್ಲಿಯೇ ಬರೆಸಿರಿ.

ಅಡಿಗೆ ಮನೆ, ಕೊಟ್ಟಿಗೆ, ನೀರು

ನೀರು ಬಳಸುವ ಅಡಿಗೆ ಮನೆ, ಬಚ್ಚಲು, ಪಾಯಿಖಾನೆ, ಕೊಟ್ಟಿಗೆ ಎಲ್ಲವೂ ಮನೆಯ ಒಂದೇ ಮಗ್ಗುಲಿಗಿದ್ದರೆ ಕೊಳವೆಯ ಖರ್ಚು ಉಳಿಯುತ್ತದೆ. ಅಡಿಗೆ ಮನೆ, ಬಚ್ಚಲುಗಳ ನೀರನ್ನು ತೆಂಗು, ಬಾಳೆಯ ಬುಡಕ್ಕೆ ಹರಿಸಬಹುದು. ಪಾಯಿಖಾನೆಯ ಜೋಡಿ ಗುಂಡಿಗಳು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 33 ಅಡಿ ದೂರವಿರಲಿ.

ದೊಡ್ಡ ಹಸುವೊಂದಕ್ಕೆ ಮಾಡಿನ ಕೆಳಗೆ 35ರಿಂದ 40 ಚದರ ಅಡಿ ಬೇಕು. ಎಂದರೆ ಎರಡು ಹಸು, ಒಂದು ಕರುವಿಗೆ ಒಂದು ಅಂಕಣ. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಪಡುವಣ ಮತ್ತು ನೈಋತ್ಯದಿಂದ ಬೀಸುತ್ತದೆ. ಕೊಟ್ಟಿಗೆ ಮನೆಯ ಪಡುವಣಕ್ಕಿದ್ದರೆ ನೊಣ, ವಾಸನೆ ಎರಡೂ ಮನೆಯೊಳಗೆ ಬರುತ್ತವೆ. ಮೂಡಣ ಇಲ್ಲವೆ ಬಡಗಣ ಹಿತ್ತಲು ಮೇಲು. ನಾಲ್ಕೈದು ದನಗಳಿದ್ದವರು ಗೋಬರ್ ಅನಿಲ ಸ್ಥಾವರದ ಜಾಗವನ್ನು ಕೊಟ್ಟಿಗೆ ಮತ್ತು ಒಲೆಯ ನಡುವೆ ಮೊದಲೇ ಗುರುತಿಸಬೇಕು. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕಾಗುತ್ತದೆ. ಸೌದೆ ಒಲೆಯೇ ಇರುವುದಾದರೆ ಹೊಗೆ ಕೊಳವೆಗೆ ಜಾಗ ಬಿಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಅಸ್ತ್ರ ಒಲೆ, ಕಡಿಮೆ ಸೌದೆಯಲ್ಲಿ, ಹೊಗೆಯಿಲ್ಲದೆ ಅಡಿಗೆ ಮಾಡಬಹುದೆಂದು ತೋರಿಸಿಕೊಟ್ಟಿದೆ.

ನೆಲದ ಗುಣ, ಹೊಳೆಯ ಗುರುತು

ಕಪಿಲೆ ಮತ್ತು ಕಾವೇರಿ ತಿರುಮಕೂಡಲಿನಲ್ಲಿ ಕೂಡಿ ಹೆಮ್ಮಿಗೆ, ತಲಕಾಡಿನ ಮಗ್ಗುಲಲ್ಲಿ ಹರಿಯುತ್ತವೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡಿನ ತಗ್ಗು ಪ್ರದೇಶಗಳನ್ನು ಮುಳುಗಿಸಿ, ಮೈಸೂರು-ಊಟಿ ರಸ್ತೆಯನ್ನೇ ಮುಚ್ಚಿಸಿತು. ಹೊಳೆ ದಂಡೆಯ ಊರಿನವರು ಆ ವರ್ಷಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ, ಗುರುತು ಹಾಕಿ, ಮನೆಯ ಪಾಯವನ್ನು ಅದಕ್ಕಿಂತ ಮೇಲೆ ಎತ್ತಬೇಕು. ಆಗದಿದ್ದರೆ ಬೇರೆ ಜಾಗ ನೋಡಬೇಕು. ನಾಲೆಯ ಕೆಳಗಿನ ಊರುಗಳಲ್ಲಿ ಅಂತರ್ಜಲ ಮೇಲಿರುವುದರಿಂದ ಗೋಡೆಗೆ ತೇವ ಏರುತ್ತದೆ. ಅಲ್ಲಿ ಪಾಯ ಎರಡು ಅಡಿಗೆ ಕಡಿಮೆಯಾಗದಿರಲಿ. ತೇವ ತಡೆಯುವ ಪದರ ತಪ್ಪದಿರಲಿ. ಎರೆಭೂಮಿ ನೀರು ಕುಡಿದಾಗ ಉಬ್ಬಿ, ಬೇಸಗೆಯಲ್ಲಿ ಬಿರಿಯುತ್ತದೆ. ಅಂಥ ಕಡೆ ತಳಪಾಯದ ವಿಷಯದಲ್ಲಿ ತಿಳಿದ ಇಂಜಿನಿಯರರ ಸಲಹೆ ಪಡೆಯದೆ ಗುದ್ದಲಿ ಹಾಕಬಾರದು.

ಬೇಸಗೆಯ ಮಧ್ಯಾಹ್ನದ ಬಿಸಿಲಿಗೆ ಕಾಯುವುದು ಪಡುವಣ ಗೋಡೆ. ಆ ಕಡೆಗೆ ಜಗುಲಿ, ಮೆಟ್ಟಿಲು, ಬಚ್ಚಲುಗಳನ್ನು ಇಟ್ಟರೆ ಮಲಗುವ ಕೋಣೆ ತಂಪಾಗಿರುತ್ತದೆ. ಸಾವಿರ ಚದರ ಅಡಿಯ ಮಾಡಿನ ಮೇಲೆ 750 ಮಿ.ಮೀ. ಮಳೆ ಬಿದ್ದರೆ ಸುಮಾರು 70 ಸಾವಿರ ಲೀಟರ್ ನೀರು. ಅದನ್ನು ಹಿಡಿಯುವ ತೊಟ್ಟಿಗೂ ನಕ್ಷೆಯಲ್ಲಿ ಒಂದು ಮೂಲೆ ಇರಲಿ.

ಹಳೆಯ ಮನೆಯನ್ನು ಕೆಡವುವ ಮುನ್ನ

ಹೀಗೆಂದ ಮಾತ್ರಕ್ಕೆ ತೊಟ್ಟಿಮನೆಗೇ ಹಿಂದಿರುಗಿ ಎಂದು ನಾನು ಹೇಳುತ್ತಿಲ್ಲ. ಅದರ ಅಡಿಗೆ ಮನೆ ಕತ್ತಲು, ಹೊಗೆ. ನೀರು ದೂರ. ಸೊಸೆಯಾಗಿ ಬಂದವಳಿಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇರುತ್ತಿರಲಿಲ್ಲ. ಹೊಸ ಮನೆ ಬೇಕೆಂದು ಹೆಂಗಸರು ಹಟ ಹಿಡಿದರೆ ಅದು ನ್ಯಾಯವೇ. ಆದರೆ ಹಳೆಯ ಮನೆಯನ್ನು ಕೆಡವಿ, ತೇಗ-ಹೊನ್ನೆಯ ಕಂಬ, ತೊಲೆಗಳನ್ನು ವ್ಯಾಪಾರಿ ಹೇಳಿದ ಬೆಲೆಗೆ ಕೊಟ್ಟುಬಿಡುವುದು ಮಾತ್ರ ನಷ್ಟ. ಆ ಮರ ದಶಕಗಳ ಕಾಲ ಒಣಗಿ ಪಕ್ವವಾದುದು. ಇನ್ನು ಕುಗ್ಗುವುದಿಲ್ಲ, ಸೀಳುವುದಿಲ್ಲ. ಚೂಪಾದ ಉಳಿಯಿಂದ ಬುಡವನ್ನು ಚುಚ್ಚಿ ನೋಡಿ. ಗೆದ್ದಲು, ಕುಟ್ಟೆ ಹುಳು ಇಲ್ಲದಿದ್ದರೆ ಹೊಸ ಮನೆಯ ಪಡಸಾಲೆಗೋ ಉಗ್ರಾಣದ ಮಾಡಿಗೋ ಕೊಟ್ಟಿಗೆಗೋ ಬಳಸಿಕೊಳ್ಳಿ. ಕೊಟ್ಟಿಗೆಗೆ ಹೊಲದ ಬದುವಿನ ಮರ ಕಡಿಯುವುದಾದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸಿ.

ಸಣ್ಣ ರೈತರಿಗೆ ಇಷ್ಟೆಲ್ಲ ಜಾಗ, ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಸಹಜ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಮೂರಂಕಣಕ್ಕೆ ತುಸು ಕಡಿಮೆ. ಅಂಕಣದ ಲೆಕ್ಕ ಅತ್ಯಂತ ಉಪಯುಕ್ತವಾಗುವುದು ಇಂಥವರಿಗೇ. ಈ ವರ್ಷ ಮೂರಂಕಣ ಕಟ್ಟಿ, ಉಗ್ರಾಣ ಮತ್ತು ಕೊಟ್ಟಿಗೆಯ ಅಂಕಣಗಳ ಜಾಗವನ್ನು ಖಾಲಿ ಬಿಟ್ಟರೆ, ಕೈಗೆ ಹಣ ಬಂದಾಗ ಕಟ್ಟಿದ್ದನ್ನು ಒಡೆಯದೆ ಬೆಳೆಸಬಹುದು. ಮುಂದೆ ಅಣ್ಣತಮ್ಮಂದಿರು ಭಾಗವಾದರೂ ಕಂಬದ ಸಾಲಿನಲ್ಲಿ ಗೋಡೆ ಎಬ್ಬಿಸಿದರೆ ಆಯಿತು.

ಕೊನೆಯದಾಗಿ ಒಂದು ಸಲಹೆ. ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು ನಿವೇಶನದ ಮೇಲೆ ಸುಣ್ಣದ ಪುಡಿಯಲ್ಲಿ ಅಂಕಣಗಳ ಗೆರೆ ಎಳೆಯಿರಿ. ಮನೆಯವರೆಲ್ಲರೂ, ಮುಖ್ಯವಾಗಿ ಹೆಂಗಸರು, ಅದರೊಳಗೆ ನಡೆದು ನೋಡಲಿ. ಹಾಲಿನ ಪಾತ್ರೆ ಕೊಟ್ಟಿಗೆಯಿಂದ ಒಲೆಗೆ ಯಾವ ದಾರಿಯಲ್ಲಿ ಬರುತ್ತದೆ, ಮೂಟೆ ಅಂಗಳದಿಂದ ಉಗ್ರಾಣಕ್ಕೆ ಹೇಗೆ ಹೋಗುತ್ತದೆ, ಮಳೆ ಬಂದರೆ ಒಲೆಗೆ ಸೌದೆ ಎಲ್ಲಿಂದ ತರಬೇಕು ಎಂದು ಕೇಳಿಕೊಳ್ಳಲಿ. ಸುಣ್ಣದ ಗೆರೆಯನ್ನು ಕಾಲಿನಿಂದ ಅಳಿಸಿ ಮತ್ತೆ ಬರೆಯಬಹುದು. ಗೋಡೆ ಎದ್ದ ಮೇಲೆ ಪ್ರತಿಯೊಂದು ಬದಲಾವಣೆಗೂ ಹಣ ತೆರಬೇಕಾಗುತ್ತದೆ.