ತರಬೇತಿಯಲ್ಲಿ ಮಡಿದವರ ಹೆಸರನ್ನೂ ಓದೋಣ

ಭಾಷಣ ಸ್ಪರ್ಧೆಗೆ ‘ನಮ್ಮ ರಾಜ್ಯದ ವೀರಯೋಧರು’ ಎಂಬ ವಿಷಯ ಬಂದಾಗ ನಾನು ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಅವರ ಹೆಸರು ಹೇಳಿದೆ. ಪಕ್ಕದಲ್ಲಿದ್ದ ಗೆಳೆಯ, “ಅವರು ಯುದ್ಧದಾಗ ಸತ್ತಿಲ್ಲಲೋ, ಆಕ್ಸಿಡೆಂಟ್‌ನ್ಯಾಗ ಸತ್ತಾರ” ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ನಮ್ಮಲ್ಲಿ ಹೆಚ್ಚಿನವರ ಲೆಕ್ಕ ಹಾಗೇ ಇದೆ: ಶತ್ರುವಿನ ಗುಂಡು ತಗುಲಿದರೆ ಹುತಾತ್ಮ, ಇಲ್ಲದಿದ್ದರೆ ಪಾಪ, ಅಪಘಾತ. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಸಾರಥಿ ಅವರು ಬೆಳಗಾವಿಯವರು. 2023ರ ಜನವರಿ 28ರ ಬೆಳಿಗ್ಗೆ ಗ್ವಾಲಿಯರ್ ವಾಯುನೆಲೆಯಿಂದ ಮಿರಾಜ್ 2000 ಯುದ್ಧವಿಮಾನದಲ್ಲಿ ತರಬೇತಿ ಹಾರಾಟಕ್ಕೆ ಹೊರಟಿದ್ದರು. ಅದೇ ನೆಲೆಯಿಂದ ಒಂದು ಸುಖೋಯ್ 30 ಕೂಡ ಹಾರಿತ್ತು. ಎರಡೂ ಆಕಾಶದಲ್ಲೇ ಡಿಕ್ಕಿಯಾದವು. ಸುಖೋಯ್‌ನಲ್ಲಿದ್ದ ಇಬ್ಬರು ಪೈಲಟ್‌ಗಳು ಹೊರಕ್ಕೆ ಚಿಮ್ಮಿ ಬದುಕಿದರು. ಮಿರಾಜ್‌ನಲ್ಲಿ ಒಬ್ಬರೇ ಇದ್ದ ಸಾರಥಿ ಉಳಿಯಲಿಲ್ಲ. ಮಧ್ಯಪ್ರದೇಶದ ಮೊರೆನಾ ಜಿಲ್ಲೆಯಲ್ಲಿ ಬಿದ್ದ ಅವಶೇಷಗಳಲ್ಲಿ ಕೆಲವು ಪಕ್ಕದ ರಾಜಸ್ಥಾನದ ಭರತ್‌ಪುರದವರೆಗೂ ಸಿಡಿದಿದ್ದವು.

ತರಬೇತಿ ಎಂದರೆ ಕಲಿಯುವವರ ಕೆಲಸ ಎಂದು ನಾವು ತಿಳಿದುಕೊಂಡಿದ್ದೇವೆ. ವಿಂಗ್ ಕಮಾಂಡರ್ ಹುದ್ದೆಗೆ ಬಂದವರು ಹೊಸಬರಲ್ಲ, ವರ್ಷಗಟ್ಟಲೆ ಹಾರಿದವರು. ಯುದ್ಧದಲ್ಲಿ ಮಾಡಬೇಕಾದದ್ದನ್ನೆಲ್ಲ ಅವರು ಶಾಂತಿಯ ಕಾಲದಲ್ಲೇ ಮತ್ತೆ ಮತ್ತೆ ಮಾಡಿ ನೋಡಬೇಕು. ನೆಲಕ್ಕೆ ಹತ್ತಿರದಲ್ಲಿ ಹಾರಬೇಕು, ಒಂದಕ್ಕೊಂದು ಅಂಟಿಕೊಂಡಂತೆ ಹಾರಬೇಕು, ಎದುರಾಳಿಯ ಬೆನ್ನು ಹತ್ತಬೇಕು. ಇದನ್ನು ಕಪ್ಪು ಹಲಗೆಯ ಮೇಲೆ ಕಲಿಸಲು ಬರುವುದಿಲ್ಲ. ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್‌ನಲ್ಲಿ ಹಾಕ್ ವಿಮಾನಗಳ ಮೇಲೆ ಯುವ ಪೈಲಟ್‌ಗಳು ಕಲಿಯುವುದೂ ಇದನ್ನೇ. ಗುಂಡು ಹಾರದಿದ್ದರೂ ಅಪಾಯ ಅಪಾಯವೇ.

ಇದೇ ರೀತಿ ಸತ್ತ ಇನ್ನೊಬ್ಬನ ಕಥೆ ಎರಡನೇ ಮಹಾಯುದ್ಧದ ಕಾಲದ್ದು. ಹೆಸರು ಜಾನ್ ಗಿಲೆಸ್ಪಿ ಮಗೀ. 1922ರಲ್ಲಿ ಚೀನಾದ ಶಾಂಘೈಯಲ್ಲಿ ಹುಟ್ಟಿದ. ತಂದೆ ಅಮೆರಿಕದವರು, ತಾಯಿ ಇಂಗ್ಲೆಂಡಿನವರು, ಇಬ್ಬರೂ ಮಿಷನರಿಗಳು. ಹೆಸರಾಂತ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಲು ವಿದ್ಯಾರ್ಥಿವೇತನ ಸಿಕ್ಕಿತ್ತು. ಆಗಿನ್ನೂ ಅಮೆರಿಕ ಯುದ್ಧಕ್ಕೆ ಇಳಿದಿರಲಿಲ್ಲ. ಯಾರೂ ಕರೆಯದಿದ್ದರೂ 1940ರಲ್ಲಿ ಗಡಿ ದಾಟಿ ಕೆನಡಾದ ವಾಯುಪಡೆ ಸೇರಿದ. ಇಂಗ್ಲೆಂಡಿಗೆ ಹೋಗಿ ಸ್ಪಿಟ್‌ಫೈರ್ ಹಾರಿಸಿದ. 1941ರ ಡಿಸೆಂಬರ್ 11ರಂದು ಅಭ್ಯಾಸ ಹಾರಾಟ ಮುಗಿಸಿ ಮೋಡದೊಳಗಿಂದ ಇಳಿಯುವಾಗ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದ. ಹೊರಕ್ಕೆ ಜಿಗಿದನಾದರೂ ಪ್ಯಾರಾಚೂಟ್ ಬಿಚ್ಚಿಕೊಳ್ಳುವಷ್ಟು ಎತ್ತರ ಇರಲಿಲ್ಲ. ವಯಸ್ಸು 19. ಜರ್ಮನಿ ಮತ್ತು ಅಮೆರಿಕ ಪರಸ್ಪರ ಯುದ್ಧ ಸಾರಿದ್ದು ಅದೇ ದಿನ.

ಮಗೀಯನ್ನು ಲೋಕ ಮರೆಯಲಿಲ್ಲ. ಸಾಯುವ ಕೆಲವೇ ತಿಂಗಳ ಮೊದಲು ‘ಹೈ ಫ್ಲೈಟ್’ ಎಂಬ ಹದಿನಾಲ್ಕು ಸಾಲಿನ ಕವಿತೆ ಬರೆದು ತಂದೆ ತಾಯಿಗೆ ಕಳಿಸಿದ್ದ. 1986ರಲ್ಲಿ ಚಾಲೆಂಜರ್ ನೌಕೆ ಸಿಡಿದು ಏಳು ಗಗನಯಾತ್ರಿಗಳು ಸತ್ತಾಗ ಅಧ್ಯಕ್ಷ ರೇಗನ್ ಅದರ ಮಾತುಗಳನ್ನೇ ಬಳಸಿದರು. ಆದರೆ ನನ್ನ ಮನಸ್ಸಿನಲ್ಲಿ ಉಳಿದವನು ಇನ್ನೊಂದು ವಿಮಾನದಲ್ಲಿದ್ದವನು. ಅದು ಅವಳಿ ಎಂಜಿನ್ನಿನ ತರಬೇತಿ ವಿಮಾನ. ಹಾರಿಸುತ್ತಿದ್ದವನು ಅರ್ನೆಸ್ಟ್ ಆಬ್ರಿ ಗ್ರಿಫಿನ್, ಇನ್ನೂ ಕಲಿಯುತ್ತಿದ್ದ ಹುಡುಗ, ಅವನಿಗೂ 19. ಅವನೂ ಸತ್ತ. ಅವನು ಕವಿತೆ ಬರೆದಿರಲಿಲ್ಲ, ಹಾಗಾಗಿ ಮಗೀಯ ಕಥೆಯಲ್ಲಿ ಅವನು ಬರೀ ‘ಇನ್ನೊಂದು ವಿಮಾನ’.

ಇಂಥವರು ಒಬ್ಬಿಬ್ಬರಲ್ಲ. ಆ ಯುದ್ಧದ ವರ್ಷಗಳಲ್ಲಿ ಅಮೆರಿಕದ ನೆಲದಲ್ಲೇ, ತರಬೇತಿಯ ಹಂತದಲ್ಲೇ, ಸುಮಾರು 15,000 ವಾಯುಸೈನಿಕರು ಸತ್ತರು. ಅವರು ಶತ್ರುವಿನ ಮುಖವನ್ನೇ ನೋಡಲಿಲ್ಲ.

ಸತ್ತವರನ್ನು ನೆನೆಯುವ ರೀತಿ ಎಲ್ಲ ಕಡೆ ಒಂದೇ ಅಲ್ಲ. ಎರಡು ಮಹಾಯುದ್ಧಗಳಲ್ಲಿ ಮಡಿದವರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ, ಆ ಅವಧಿಯಲ್ಲಿ ಸೇವೆಯಲ್ಲಿದ್ದಾಗ ಸತ್ತ ಸೈನಿಕ ಹೇಗೆ ಸತ್ತ ಎಂದು ಕೇಳುವುದಿಲ್ಲ. ಗುಂಡು, ಅಪಘಾತ, ಜ್ವರ, ಎಲ್ಲಕ್ಕೂ ಲೆಕ್ಕ ಒಂದೇ. ಜನರಲ್ ಆದರೂ ಸಿಪಾಯಿ ಆದರೂ ಗೌರವ ಒಂದೇ. ನಮ್ಮ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದಾಗ ಅಲ್ಲಿ 25,942 ಹೆಸರು ಕೆತ್ತಲಾಗಿತ್ತು. ಅದು ಯುದ್ಧ ಮತ್ತು ಕಾರ್ಯಾಚರಣೆಗಳಲ್ಲಿ ಮಡಿದವರ ಸ್ಮಾರಕ, ಅದಕ್ಕೆ ನನ್ನ ತಕರಾರಿಲ್ಲ. ಪರಿಹಾರದ ಹಣದಲ್ಲೂ ವ್ಯತ್ಯಾಸವಿದೆ. 2016ರ ಕೇಂದ್ರದ ಆದೇಶದಂತೆ ಯುದ್ಧದಲ್ಲಿ ಶತ್ರುವಿನ ದಾಳಿಗೆ ಸತ್ತರೆ ಕುಟುಂಬಕ್ಕೆ 45 ಲಕ್ಷ, ಕರ್ತವ್ಯದ ವೇಳೆ ಅಪಘಾತದಲ್ಲಿ ಸತ್ತರೆ 25 ಲಕ್ಷ. ಸರ್ಕಾರಕ್ಕೆ ಇಂಥ ವರ್ಗೀಕರಣ ಬೇಕಾಗಬಹುದು. ಕಾಲೇಜಿನ ವೇದಿಕೆಯಲ್ಲಿ ನಿಂತು ಮಾತಾಡುವ ನಮಗೆ ಯಾಕೆ ಬೇಕು?

ನಮ್ಮಲ್ಲಿ ಅನೇಕರು ಮನೆಯಲ್ಲೋ ಮದರಸಾದಲ್ಲೋ ಕೇಳಿರುವ ಒಂದು ಹದೀಸ್ ಇದೆ, ಬುಖಾರಿ ಮತ್ತು ಮುಸ್ಲಿಮ್ ಎರಡು ಸಂಗ್ರಹಗಳಲ್ಲೂ ಬರುತ್ತದೆ. ಅಲ್ಲಾಹನ ಮಾರ್ಗದಲ್ಲಿ ಮಡಿದವನ ಜೊತೆಗೆ ಪ್ಲೇಗಿನಿಂದ, ಹೊಟ್ಟೆಯ ಕಾಯಿಲೆಯಿಂದ, ನೀರಿನಲ್ಲಿ ಮುಳುಗಿ, ಗೋಡೆ ಕುಸಿದು ಸತ್ತವರನ್ನೂ ಪ್ರವಾದಿಯವರು (ಸ) ಶಹೀದರ ಸಾಲಿನಲ್ಲಿ ಎಣಿಸಿದ್ದಾರೆ. ರಣರಂಗದ ಶಹೀದನಿಗೆ ಗುಸ್ಲ್ ಇಲ್ಲ, ಉಳಿದವರಿಗೆ ಇದೆ ಎಂದು ಉಲಮಾಗಳು ವ್ಯತ್ಯಾಸ ಹೇಳುತ್ತಾರೆ. ಅಂದರೆ ವಿಧಿ ಬೇರೆ ಇರಬಹುದು, ಗೌರವಕ್ಕೆ ಕೊರತೆ ಇಲ್ಲ. ಯಾವ ಪೈಲಟ್ ಶಹೀದ್, ಯಾರು ಅಲ್ಲ ಎಂದು ತೀರ್ಮಾನಿಸಲು ನಾನು ಯಾರೂ ಅಲ್ಲ. ‘ಯಾರು ಕೊಂದರು’ ಎಂಬ ಒಂದೇ ಪ್ರಶ್ನೆಯಿಂದ ಸಾವನ್ನು ಅಳೆಯುವುದು ನಾವು ಕಲಿತ ಪಾಠವಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇದು ದೂರದ ಮಾತೂ ಅಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಿಗೆ ಹೋದರೂ ನಸುಕಿನಲ್ಲಿ ರಸ್ತೆ ಬದಿ ಓಡುವ ಹುಡುಗರು ಸಿಗುತ್ತಾರೆ. ಅಗ್ನಿವೀರ ಭರ್ತಿಯ 1,600 ಮೀಟರ್ ಓಟಕ್ಕೆ ತಯಾರಿ. ನಮ್ಮ ತರಗತಿಯಲ್ಲೂ ಇದ್ದಾರೆ. ನಮ್ಮ ದೇಶದಲ್ಲಿ ಕಡ್ಡಾಯ ಸೈನ್ಯ ಸೇವೆ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಸೇರಿದ ಸುಮಾರು 25 ಲಕ್ಷ ಭಾರತೀಯರೂ ಭರ್ತಿಯಾಗಿ ಹೋದವರೇ ಹೊರತು ಕಾನೂನು ಎಳೆದೊಯ್ದವರಲ್ಲ. ಹೊಟ್ಟೆಪಾಡಿಗೆ ಹೋಗುವವರೂ ಇದ್ದಾರೆ, ಅದರಲ್ಲಿ ನಾಚಿಕೆ ಏನಿಲ್ಲ. ಸಹಿ ಹಾಕಿದ ದಿನವೇ ಅವರು ಅಪಾಯವನ್ನು ಒಪ್ಪಿಕೊಂಡಿರುತ್ತಾರೆ. ಆ ಅಪಾಯ ಗಡಿಯಲ್ಲಿ ಬರುತ್ತದೋ ತರಬೇತಿ ಮೈದಾನದಲ್ಲಿ ಬರುತ್ತದೋ ಅವರ ಕೈಯಲ್ಲಿಲ್ಲ. ಅಗ್ನಿವೀರರಿಗೆ 48 ಲಕ್ಷದ ವಿಮೆ ಇದೆ, ಕರ್ತವ್ಯದ ಕಾರಣಕ್ಕೆ ಸತ್ತರೆ ಇನ್ನೂ 44 ಲಕ್ಷ ಸಿಗುತ್ತದೆ, ಆದರೆ ಕುಟುಂಬಕ್ಕೆ ಪಿಂಚಣಿ ಇಲ್ಲ. ಓಡುವ ಹುಡುಗರಲ್ಲಿ ಎಷ್ಟು ಜನ ಇದನ್ನು ಮನೆಯಲ್ಲಿ ಅಮ್ಮಂದಿರಿಗೆ ಹೇಳಿದ್ದಾರೆ?

ನನ್ನ ಬೇಡಿಕೆ ದೊಡ್ಡದಲ್ಲ. ಗಣರಾಜ್ಯೋತ್ಸವದಂದು ನಮ್ಮ ವೇದಿಕೆಯಲ್ಲಿ ಹುತಾತ್ಮರ ಹೆಸರು ಓದುವಾಗ ಸಾರಥಿ ಅವರ ಹೆಸರೂ ಇರಲಿ. ಸಂಚಾಲಕರಾದ ಉಪನ್ಯಾಸಕರು ಒಪ್ಪಿದರೆ ಪಟ್ಟಿ ಬರೆದುಕೊಡಲು ನಾನು ತಯಾರಿದ್ದೇನೆ. ಅವರ ಪುಣ್ಯಸ್ಮರಣೆಯ ದಿನ ಬರುವುದು ಅದಾದ ಎರಡೇ ದಿನಕ್ಕೆ.